ಎಂಟು ಕುರ್ಚಿಗಳ ಶಾಖೆ

ಅವರು ತೀರಿಕೊಂಡ ಸುದ್ದಿ ನಮ್ಮ ಕಚೇರಿಯ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಏಳೂಕಾಲಕ್ಕೆ ಬಂತು. ಏಳೂವರೆಯ ಹೊತ್ತಿಗೆ ಮೂವತ್ತೊಂದು ಜನ ಕೈ ಮುಗಿದಿದ್ದರು, ನಾಲ್ವರು 'ಓಂ ಶಾಂತಿ' ಎಂದಿದ್ದರು, ಒಬ್ಬರು ಅವಸರದಲ್ಲಿ ಹುಟ್ಟುಹಬ್ಬದ ಕೇಕಿನ ಚಿತ್ರ ಹಾಕಿ ತಕ್ಷಣ ಅಳಿಸಿದ್ದರು. ಸುಮನಹಳ್ಳಿಯ ಚಿತಾಗಾರಕ್ಕೆ ಬಂದವರು ಮಾತ್ರ, ವ್ಯಾನಿನ ಚಾಲಕನನ್ನೂ ಸೇರಿಸಿಕೊಂಡರೆ, ಒಂಬತ್ತು ಜನ. ಅವರೇ ಇದ್ದಿದ್ದರೆ, 'ಸಭೆಗೆ ಕೋರಂ ಇಲ್ಲ ಕಣ್ರೀ, ಮುಂದೂಡಿ' ಎನ್ನುತ್ತಿದ್ದರು. ಮುಂದೂಡುವ ಅಧಿಕಾರ ಅಲ್ಲಿದ್ದ ಯಾರಿಗೂ ಇರಲಿಲ್ಲ.

ನಮ್ಮ ಕಚೇರಿ ಇರುವುದು ರಾಜಾಜಿನಗರದಲ್ಲಿ. ಇಲಾಖೆಯ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮಗೂ ಅಲ್ಲೊಂದು ಬಾಕಿ ಅರ್ಜಿ ನೆನಪಾಗಬಹುದು. ಅವರ ಹೆಸರನ್ನೂ ಹೇಳುವುದಿಲ್ಲ. ಅವರೂ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಶಾಖೆಯ ಹೆಸರು ಹಿಡಿದು ಕರೆಯುವುದು ಅವರ ಪದ್ಧತಿ. ನಾನು ಆಗ ಸಿಬ್ಬಂದಿ ಶಾಖೆಯ ಗುಮಾಸ್ತ. ಮೆಟ್ಟಿಲ ಮೇಲೆ ಎದುರಾದರೆ, 'ಏನ್ರೀ ಸಿಬ್ಬಂದಿ ಶಾಖೆ, ತಿಂಡಿ ಆಯ್ತಾ?' ಎನ್ನುತ್ತಿದ್ದರು. ನನ್ನೊಬ್ಬನ ಹೊಟ್ಟೆಯಲ್ಲಿ ಇಡೀ ಶಾಖೆಯೇ ಇಡ್ಲಿ ತಿಂದಂತೆ ನನಗೆ ಗಾಂಭೀರ್ಯ ಬರುತ್ತಿತ್ತು.

ಅವರು ದಾಖಲೆ ಶಾಖೆಯ ಸೂಪರಿಂಟೆಂಡೆಂಟ್. ಪಶ್ಚಿಮ ಬೆಂಗಳೂರಿನ ಹಳೆಯ ಬಡಾವಣೆಗಳ ನಿವೇಶನದ ಕಾಗದಗಳೆಲ್ಲ ಕೆಂಪು ಬಟ್ಟೆಯ ಗಂಟುಗಳಲ್ಲಿ ಅವರ ಕೋಣೆಯ ಬೀರುಗಳೊಳಗೆ ಇದ್ದವು. ಆ ಶಾಖೆಗೆ ಮಂಜೂರಾದ ಹುದ್ದೆ ಎಂಟು. ಅದಕ್ಕೆ ತಕ್ಕಂತೆ ಮೇಜು ಎಂಟು, ಕುರ್ಚಿ ಎಂಟು. ಮನುಷ್ಯರು ಒಬ್ಬರು. ಉಳಿದ ಏಳು ಜನ ನಿವೃತ್ತಿ, ವರ್ಗಾವಣೆ, ಮರಣ ಎಂಬ ಮೂರು ಬಾಗಿಲುಗಳಿಂದ ಒಬ್ಬೊಬ್ಬರಾಗಿ ಹೊರಗೆ ಹೋಗಿದ್ದರು. ಒಳಗೆ ಬರುವ ಬಾಗಿಲಿಗೆ ಹನ್ನೊಂದು ವರ್ಷದಿಂದ ಯಾರೂ ಕೈ ಹಚ್ಚಿರಲಿಲ್ಲ.

ಅವರ ಹಾಜರಿ ಪುಸ್ತಕವನ್ನು ನೀವು ನೋಡಬೇಕಿತ್ತು. ಬೆರಳು ಒತ್ತುವ ಯಂತ್ರ ಬಂದ ಮೇಲೂ ಆ ಪುಸ್ತಕ ಉಳಿದಿತ್ತು, ಯಂತ್ರ ಕೆಟ್ಟಾಗ ಬೇಕಾಗುತ್ತದೆ ಎಂದು. ಯಂತ್ರವೂ ಆ ನಂಬಿಕೆಯನ್ನು ಹುಸಿ ಮಾಡುತ್ತಿರಲಿಲ್ಲ. ಪ್ರತಿ ತಿಂಗಳ ಮೊದಲ ದಿನ ಅಡಿಕಡ್ಡಿ ಇಟ್ಟು ಗೆರೆ ಎಳೆದು, ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆದು, ಕೆಳಗಿನ ಏಳು ಸಾಲುಗಳಲ್ಲಿ ಏಳು ಹುದ್ದೆಗಳನ್ನು ಬರೆಯುತ್ತಿದ್ದರು. ಆಮೇಲೆ ದಿನಾ ಹತ್ತು ಗಂಟೆ ಹತ್ತು ನಿಮಿಷಕ್ಕೆ ಕೆಂಪು ಪೆನ್ನು ತೆಗೆದು ಆ ಏಳೂ ಸಾಲುಗಳಲ್ಲಿ ಒಂದೊಂದು 'ಖಾಲಿ' ಬರೆಯುವುದು. ಏಳು ಸಲ, ಬಿಡಿಬಿಡಿಯಾಗಿ, ದುಂಡಗೆ.

ಒಂದು ದಿನ ನಾನು ಹೇಳಿದೆ, "ಸಾರ್, ಏಳೂ ಸಾಲಿಗೆ ಒಂದು ಉದ್ದ ಗೆರೆ ಎಳೆದು ಒಂದೇ ಸಲ ಖಾಲಿ ಅಂತ ಬರೆದರೆ ಆಗಲ್ವಾ?"

"ಏಳು ಜನ ಒಟ್ಟಿಗೆ ಬಂದಿಲ್ಲ ಅಂದ್ಕೊಂಡ್ರಾ?" ಎಂದರು. "ಒಬ್ಬೊಬ್ಬರೇ ಬಂದಿಲ್ಲ ಕಣ್ರೀ."

ಮದುವೆ ಆಗಿರಲಿಲ್ಲ. ಯಾರಾದರೂ ಕೇಳಿದರೆ, 'ಪರಿಶೀಲನೆಯಲ್ಲಿದೆ' ಎನ್ನುತ್ತಿದ್ದರು; ಐವತ್ತೊಂಬತ್ತನೇ ವಯಸ್ಸಿನಲ್ಲೂ ಅದೇ ಉತ್ತರ. ಬಸವೇಶ್ವರನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದರು. ಮಧ್ಯಾಹ್ನ ತಮ್ಮ ಡಬ್ಬಿಯನ್ನು ತಮ್ಮ ಮೇಜಿನ ಮೇಲೇ ಬಿಚ್ಚಿ, ಕೋಣೆಯ ಬಾಗಿಲನ್ನು ಪೂರಾ ತೆರೆದಿಟ್ಟು ಊಟ ಮಾಡುತ್ತಿದ್ದರು. ಬಾಗಿಲು ಯಾಕೆ ತೆರೆದಿರುತ್ತದೆ ಎಂದು ನಾವು ಯಾರೂ ಯೋಚಿಸಲಿಲ್ಲ. ನಮ್ಮ ಡಬ್ಬಿಗಳು ಲೆಕ್ಕ ಶಾಖೆಯಲ್ಲಿ ಸೇರುತ್ತಿದ್ದವು. ಅಲ್ಲಿ ಫ್ಯಾನಿತ್ತು, ರಾಜಕೀಯವಿತ್ತು, ಯಾರದಾದರೂ ಮನೆಯ ಉಪ್ಪಿನಕಾಯಿ ಇರುತ್ತಿತ್ತು.

ಕಚೇರಿ ಎದುರಿನ ದರ್ಶಿನಿಗೆ ನಾಲ್ಕು ಗಂಟೆಗೆ ಕಾಫಿಗೆ ಇಳಿಯುತ್ತಿದ್ದರು. ಪೂರ್ತಿ ಕಾಫಿ ಅವರಿಗೆ ಹೆಚ್ಚು, ಪಿತ್ತ ಆಗುತ್ತದೆ. ಹಾಗಾದರೆ ಒನ್ ಬೈ ಟೂ ಹೇಳಬಹುದಲ್ಲ ಎಂದರೆ, "ಒನ್ ಬೈ ಟೂಗೆ ಎರಡು ಹುದ್ದೆ ಬೇಕು ಕಣ್ರೀ. ನಮ್ಮ ಶಾಖೆಗೆ ಮಂಜೂರಾತಿ ಇದೆ, ನೇಮಕಾತಿ ಇಲ್ಲ," ಎನ್ನುತ್ತಿದ್ದರು. ಪೂರ್ತಿ ಕಾಫಿಯನ್ನೇ ತೆಗೆದುಕೊಂಡು ಅರ್ಧ ಲೋಟದಲ್ಲಿ ಬಿಟ್ಟು ಬರುತ್ತಿದ್ದರು.

ಅವರಿಗಿದ್ದ ಆಸೆ ಒಂದೇ, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ನಿವೃತ್ತಿಯ ದಿನ ಆ ಕೋಣೆಯ ಬೀಗದ ಕೈಗಳನ್ನು ಆ ಕೋಣೆಗೇ ಸೇರಿದ ಒಬ್ಬರ ಕೈಗೆ ಕೊಡಬೇಕು. "ಚಾರ್ಜ್ ಕೊಡೋಕೆ ಒಬ್ಬರು ಬೇಕು ಸಾರ್," ಎಂದು ಪ್ರತಿ ಮಾಸಿಕ ಸಭೆಯಲ್ಲೂ ಹೇಳುತ್ತಿದ್ದರು. "ಯಾರಾದ್ರೂ ಆಗಲಿ. ಕೂತು ಆರು ವಾರ ಕಲಿತರೆ ಸಾಕು. ಯಾವ ಗಂಟಲ್ಲಿ ಏನಿದೆ ಅನ್ನೋದು ನನ್ನ ತಲೇಲಿದೆ, ತಲೆ ಜೂನ್ ಮೂವತ್ತಕ್ಕೆ ಮನೆಗೆ ಹೋಗತ್ತೆ." ಮುಖ್ಯಸ್ಥರು, "ಬರೆದಿದೀವಲ್ರೀ ಮೇಲಕ್ಕೆ," ಎನ್ನುತ್ತಿದ್ದರು. ಮೇಲಕ್ಕೆ ಬರೆದದ್ದು ಮೇಲೆಯೇ ಇರುತ್ತಿತ್ತು.

ಅವರ ಸೇವೆಯ ಕೊನೆಯ ಜನವರಿಯಲ್ಲಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಯೋಜನೆ ನಮ್ಮ ಕಚೇರಿಗೆ ಬಂತು. ಕಾಲೇಜಿನ ಮಕ್ಕಳು ಮೂರು ತಿಂಗಳು ಸರ್ಕಾರಿ ಕಚೇರಿಯಲ್ಲಿ ಕೆಲಸ ಕಲಿಯುವುದು, ತಿಂಗಳಿಗಿಷ್ಟು ಗೌರವಧನ, ಕೊನೆಗೊಂದು ಪ್ರಮಾಣಪತ್ರ. ನಮ್ಮ ಪಾಲಿಗೆ ಇಬ್ಬರು. ಸಭೆಯಲ್ಲಿ ಪ್ರತಿ ಶಾಖೆಯೂ ತನ್ನಲ್ಲಿ ಜಾಗವಿಲ್ಲ ಎಂದು ದುಃಖದಿಂದ ತಿಳಿಸಿತು.

ಮುಖ್ಯಸ್ಥರಿಗೆ ಬೇರೆಯದೇ ಕಸಿವಿಸಿ. "ಅಲ್ರೀ, ಕಲಿಯೋಕೆ ಬರೋ ಮಕ್ಕಳಿಗೆ ದುಡ್ಡು ಯಾಕೆ?"

ಮೂಲೆಯಲ್ಲಿ ಕೂತಿದ್ದ ಇವರು ಎದ್ದು ನಿಂತು, "ಸಾರ್, ನಾವೂ ಮೂವತ್ತು ವರ್ಷದಿಂದ ಕಲೀತಾನೇ ಇದೀವಿ, ತಿಂಗಳಾ ತಿಂಗಳಾ ತಗೊಂಡು," ಎಂದರು. ಆಮೇಲೆ ಅದೇ ಉಸಿರಿನಲ್ಲಿ, "ಇಬ್ಬರನ್ನೂ ನನ್ನ ಶಾಖೆಗೆ ಕೊಡಿ. ಏಳು ಕುರ್ಚಿ ಇದೆ, ಅವರಿಗೆ ಬೇಕಾದ್ದು ಆರಿಸ್ಕೊಳ್ಲಿ."

ಬಂದವರು ಒಬ್ಬ ಹುಡುಗಿ, ಒಬ್ಬ ಹುಡುಗ. ಬಿ.ಕಾಂ. ಕೊನೆಯ ವರ್ಷ. ರೇಣುಕಾ ಬಾಗಲಕೋಟೆ ಕಡೆಯವಳು. ಅಪ್ಪ ಗಾರೆ ಕೆಲಸಕ್ಕೆಂದು ಬಂದು ಸುಂಕದಕಟ್ಟೆಯಲ್ಲಿ ನೆಲೆಸಿದ್ದರು. ಕಿರಣ್ ಕಾಮಾಕ್ಷಿಪಾಳ್ಯದವನು, ಸಂಜೆ ಆರರ ಮೇಲೆ ಬೈಕಿನಲ್ಲಿ ಊಟದ ಪೊಟ್ಟಣ ಹಂಚುತ್ತಿದ್ದ. ಗೌರವಧನ ಇಲ್ಲದಿದ್ದರೆ ಇಬ್ಬರೂ ಬರುತ್ತಿರಲಿಲ್ಲ. ಅದನ್ನು ಮೊದಲ ದಿನವೇ ಹೇಳಿಯೂ ಬಿಟ್ಟರು. ಇವರಿಗೆ ಅದರಿಂದ ಬಹಳ ಸಂತೋಷವಾಯಿತು. "ನಿಜ ಹೇಳೋ ಸಿಬ್ಬಂದಿ ಈ ಕಟ್ಟಡಕ್ಕೆ ಬಂದು ಬಹಳ ದಿನ ಆಗಿತ್ತು," ಎಂದು ನನಗೆ ವರದಿ ಮಾಡಿದರು.

ಕಿರಣ್ ಕೋಣೆಯೊಳಗೆ ಬಂದವನೇ ಸುತ್ತ ನೋಡಿ, "ಸಾರ್, ಇದೇನ್ ಸಾರ್, ಮ್ಯೂಸಿಯಂ ಇದ್ದಂಗಿದೆ," ಎಂದನಂತೆ.

"ಹೌದಪ್ಪ. ನಾನೇ ಮುಖ್ಯ ವಸ್ತು. ಮುಟ್ಟಬೇಡ," ಎಂದರಂತೆ.

ಮಾರನೇ ದಿನ ಹತ್ತು ಗಂಟೆಗೆ ರೇಣುಕಾ ಕೇಳಿದಳು, "ಸರ್, ನಮ್ದು ಸಹಿ ಎಲ್ಲಿ ಮಾಡೋದ್ರಿ?" ಯೋಜನೆಯ ಸುತ್ತೋಲೆ ಒಂಬತ್ತು ಪುಟವಿತ್ತು, ಮಕ್ಕಳು ಎಲ್ಲಿ ಸಹಿ ಮಾಡಬೇಕು ಎಂಬುದು ಅದರಲ್ಲಿರಲಿಲ್ಲ. ಇವರು ತಮ್ಮ ಪುಸ್ತಕ ತೆಗೆದು, ಮೇಲಿನ ಎರಡು ಖಾಲಿ ಸಾಲುಗಳನ್ನು ತೋರಿಸಿ, "ಇಲ್ಲಿ," ಎಂದರು. ನಾನು ಅಲ್ಲೇ ನಿಂತಿದ್ದೆ. "ಸಾರ್, ಅದು ಹುದ್ದೆಯ ಸಾಲು," ಎಂದೆ. "ಬಂದೋರು ಬಂದ್ರು ಅಂತ ಎಲ್ಲಾದ್ರೂ ಬರೀಬೇಕಲ್ರೀ ಸಿಬ್ಬಂದಿ ಶಾಖೆ. ಗೋಡೆ ಮೇಲೆ ಬರೆಸಲಾ?" ಎಂದರು. ಇಬ್ಬರೂ ನೀಲಿ ಶಾಯಿಯಲ್ಲಿ ಸಹಿ ಹಾಕಿದರು. ಆ ದಿನ ಕೆಂಪು ಪೆನ್ನು ಐದು ಸಲ ಮಾತ್ರ ಬರೆಯಿತು. ಪೆನ್ನಿನ ಮುಚ್ಚಳ ಹಾಕುವಾಗ ಅವರು ಶಿಳ್ಳೆ ಹಾಕಿದರು. ಅವರಿಗೆ ಶಿಳ್ಳೆ ಬರುತ್ತದೆ ಎಂಬುದು ಇಪ್ಪತ್ತು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ.

ಅವರು ಕಲಿಸಿದ ಮೊದಲ ಪಾಠ ಗಂಟು ಹಾಕುವುದು. "ಎತ್ತಿದ್ರೆ ಬಿಚ್ಚಬಾರದು, ಎಳೆದ್ರೆ ಬಿಚ್ಚಬೇಕು. ಇದು ಬಂದ್ರೆ ಅರ್ಧ ಸರ್ಕಾರ ಬಂತು." ಎರಡನೆಯದು ಕಡತದ ಮೇಲೆ ಉಸಿರು ಊದಿ ತೆರೆಯುವುದು. ಮೂರನೆಯದು ಸಂಕ್ರಾಂತಿ ಕಳೆದ ಮೇಲೆ ಗಂಟುಗಳನ್ನೆಲ್ಲ ತಾರಸಿಗೆ ಹೊತ್ತು ಬಿಸಿಲಿಗೆ ಹಾಕುವುದು. ಮಳೆಗಾಲದ ತೇವ ಕಾಗದದೊಳಗೆ ಜನವರಿವರೆಗೂ ಕೂತಿರುತ್ತದೆ. ಒಂದೊಂದು ಬೀರುವಿಗೆ ಎರಡು ದಿನ ಬಿಸಿಲು ಕೊಡದಿದ್ದರೆ ಹಾಳೆಗಳು ಒಂದಕ್ಕೊಂದು ಅಂಟಿ ಹಪ್ಪಳವಾಗುತ್ತವೆ. ಅಷ್ಟು ವರ್ಷ ಅವರೊಬ್ಬರೇ ಹೊರುತ್ತಿದ್ದರು. ಆ ವರ್ಷ ಮೂವರು. ತಾರಸಿಯ ಮೇಲೆ ಜಮಖಾನ ಹಾಸಿ, ಗಂಟು ಬಿಚ್ಚಿ, ಹಾಳೆ ಹಾರದಂತೆ ಕಲ್ಲಿಟ್ಟು, ಛತ್ರಿ ಹಿಡಿದು ಕೂರುವುದು. ಲೆಕ್ಕ ಶಾಖೆಯ ಕಿಟಕಿಯಿಂದ ನೋಡಿದವರು, "ಹಪ್ಪಳ ಸಂಡಿಗೆ ಕಂಪನಿ ಶುರು ಮಾಡಿದ್ದಾರೆ ಸಾಹೇಬ್ರು," ಎಂದು ನಕ್ಕರು. ನಾನೂ ನಕ್ಕೆ. ಮೇಲಿನಿಂದ ಇನ್ನೂ ಜೋರಾದ ನಗು ಕೇಳುತ್ತಿತ್ತು. ಕಿರಣ್ ಯಾವುದೋ ಗ್ರಾಹಕರ ಕಥೆ ಹೇಳುತ್ತಿದ್ದ.

ಫೆಬ್ರವರಿಯಲ್ಲಿ ಆರ್‌ಪಿಸಿ ಲೇಔಟಿನಿಂದ ಒಬ್ಬ ವಯಸ್ಸಾದ ಹೆಂಗಸು ಬಂದರು. ಗಂಡನ ಹೆಸರಿನ ಹಂಚಿಕೆ ಪತ್ರದ ನಕಲು ಬೇಕಾಗಿತ್ತು. ಮೂರು ಸಲ ಬಂದು ಹೋಗಿದ್ದರು. ಪ್ರತಿ ಸಲವೂ ನಮ್ಮ ಕೆಳಗಿನ ಕೌಂಟರು ಅವರನ್ನು ಮೇಲೆ ಕಳಿಸದೆಯೇ ಮನೆಗೆ ಕಳಿಸಿತ್ತು. ಈ ಸಲ ರೇಣುಕಾ ಮೆಟ್ಟಿಲಲ್ಲಿ ಕಂಡು ಕೈ ಹಿಡಿದು ಕರೆತಂದಳು. ಇಪ್ಪತ್ತು ನಿಮಿಷದಲ್ಲಿ ಗಂಟು ಸಿಕ್ಕಿತು. ಆಕೆ ಗಂಡನ ಸಹಿಯ ಮೇಲೆ ಬೆರಳಿಟ್ಟು ನಿಂತರು. ಇವರು ರೇಣುಕಾಳತ್ತ ತಿರುಗಿ, "ನಕಲು ಕೊಡು. ಮೂಲ ವಾಪಸ್ ಇಡೋಕೆ ಅವಸರ ಇಲ್ಲ, ಅಮ್ಮ ನೋಡ್ಕೊಳ್ಲಿ," ಎಂದರು. ಆವತ್ತು ನಾಲ್ಕು ಗಂಟೆಗೆ ದರ್ಶಿನಿಯಲ್ಲಿ ಎರಡು ಕಾಫಿಯನ್ನು ಮೂರು ಲೋಟಕ್ಕೆ ಹಂಚಿಸಿಕೊಂಡು ಕುಡಿದರು. ಕೌಂಟರಿನವನು ಇಂಥ ಬೈ ಇಲ್ಲ ಸಾರ್ ಎಂದಾಗ, "ವಿಶೇಷ ಆದೇಶ ಅಂತ ಬರ್ಕೋ," ಎಂದರಂತೆ.

ಈಗ ನನ್ನ ಭಾಗದ ಕೆಲಸಕ್ಕೆ ಬರುತ್ತೇನೆ. ಫೆಬ್ರವರಿ ಕೊನೆಯಲ್ಲಿ ಕೇಂದ್ರ ಕಚೇರಿಯಿಂದ ಪತ್ರ ಬಂತು: ಹೊಸದಾಗಿ ನೇಮಕವಾದವರನ್ನು ಹಂಚುತ್ತಾರೆ, ಆರು ಅಥವಾ ಅದಕ್ಕಿಂತ ಹೆಚ್ಚು ಹುದ್ದೆ ಖಾಲಿ ಇರುವ ಪ್ರತಿ ಶಾಖೆಗೆ ಒಬ್ಬರು, ಖಾಲಿ ಹುದ್ದೆಗಳ ಪಟ್ಟಿಯನ್ನು ಅದೇ ಸಂಜೆಯೊಳಗೆ ಕಳಿಸಿ. ನಾನು ಎಲ್ಲ ಶಾಖೆಗಳ ಹಾಜರಿ ಪುಸ್ತಕ ತರಿಸಿ, ಕೆಂಪಿನಲ್ಲಿ ಬರೆದ 'ಖಾಲಿ'ಗಳನ್ನು ಎಣಿಸುತ್ತಾ ಹೋದೆ. ದಾಖಲೆ ಶಾಖೆಯ ಪುಟ ನಮ್ಮ ಕಚೇರಿಯಲ್ಲೇ ಅತ್ಯಂತ ಚೊಕ್ಕವಾದದ್ದು, ಎಣಿಸಲು ಬಲು ಸುಲಭ. ಐದು. ಬರೆದೆ. ಸಂಜೆ ಐದೂವರೆಗೆ ಪಟ್ಟಿ ಹೋಯಿತು. ಮೂರು ಮೆಟ್ಟಿಲು ಹತ್ತಿ ಹೋಗಿದ್ದರೆ ಆ ಕೋಣೆಯಲ್ಲಿ ಎಷ್ಟು ಜನ ಸರ್ಕಾರಿ ನೌಕರರಿದ್ದಾರೆ ಎಂದು ಕಣ್ಣಿಗೇ ಕಾಣುತ್ತಿತ್ತು. ನಾನು ಪುಸ್ತಕವನ್ನು ನೋಡಿದೆ.

ಮಾರ್ಚ್ ಕೊನೆಯ ವಾರ ಹಂಚಿಕೆಯ ಪಟ್ಟಿ ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೊಸಬರು ಬರುತ್ತಿದ್ದರು. ದಾಖಲೆ ಶಾಖೆಗೆ ಯಾರೂ ಇರಲಿಲ್ಲ. ಪಟ್ಟಿ ಹಿಡಿದು ನಾನೇ ಹೋದೆ. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಹಾಜರಿ ಪುಸ್ತಕ ತೆರೆದು ಫೆಬ್ರವರಿಯ ಪುಟ ನೋಡಿ, ಬೆರಳಿಟ್ಟು ಎಣಿಸಿದರು.

"ಸರಿಯಾಗೇ ಎಣಿಸಿದೀರಿ," ಎಂದರು. "ಐದು ಖಾಲಿ. ಬರೆದಿರೋನು ನಾನೇ."

ಸರಿಪಡಿಸುವ ದಾರಿ ಇರಲಿಲ್ಲ ಎಂದಲ್ಲ. ಮುಖ್ಯಸ್ಥರು ಕೆಟ್ಟವರಲ್ಲ, ಅವರೇ ದಾರಿ ತೋರಿಸಿದರು. ಕೋಣೆಯಲ್ಲಿ ನಾವು ನಾಲ್ವರಿದ್ದೆವು: ಮುಖ್ಯಸ್ಥರು, ಇವರು, ನಾನು, ಪ್ರಮಾಣಪತ್ರದ ವಿಷಯ ಕೇಳಲು ಬಂದಿದ್ದ ರೇಣುಕಾ.

"ನೋಡ್ರೀ, ಆ ಮಕ್ಕಳು ಗೊತ್ತಿಲ್ಲದೆ ನೌಕರರ ಸಾಲಿನಲ್ಲಿ ಸಹಿ ಹಾಕಿಬಿಟ್ರು ಅಂತ ಅವರ ಕೈಲಿ ಬರೆಸ್ಕೊಳ್ಳಿ. ಇವತ್ತೇ ಕಳಿಸ್ತೀನಿ. ಏಳು ಖಾಲಿ ಅಂತ ತಿದ್ದಿ ನಿಮಗೊಬ್ಬರನ್ನ ಹಾಕ್ತಾರೆ. ಮೇ ತಿಂಗಳಲ್ಲಿ ಬಂದು ಕೂರ್ತಾರೆ."

"ಮಕ್ಕಳಿಗೇನಾಗತ್ತೆ?"

"ಏನಾಗತ್ತೆ? ಹಾಜರಾತಿ ಕ್ರಮಬದ್ಧ ಇಲ್ಲ ಅಂತಾಗತ್ತೆ. ಪ್ರಮಾಣಪತ್ರ ಒಂದು ಬರಲ್ಲ. ದುಡ್ಡು ಹೇಗೂ ತಗೊಂಡಿದ್ದಾರಲ್ಲ."

"ಹಾಕಿಸಿದ್ದು ನಾನು ಅಂತ ಬರೆದ್ರೆ?"

"ನಿಮಗೆ ನೋಟೀಸು ಕೊಡ್ಬೇಕಾಗತ್ತೆ. ಅದು ವಿಚಾರಣೆ ಆಗಿ, ಮುಗಿದು, ಪಟ್ಟಿ ತಿದ್ದೋ ಹೊತ್ತಿಗೆ ಹಂಚಿಕೆ ಮುಗಿದಿರತ್ತೆ. ನೀವೂ ಮುಗಿಸಿರ್ತೀರಿ."

ರೇಣುಕಾ ಬಾಗಿಲ ಹತ್ತಿರದಿಂದ, "ಬರದು ಕೊಡ್ತೀನ್ರಿ ಸರ್," ಎಂದಳು. "ನಂದೇನು ಹೋಗ್ತೈತ್ರಿ? ನಿಮಗೊಬ್ರು ಬಂದ್ರ ಸಾಕ್ರಿ."

ಇವರು ಅವಳ ಕಡೆ ತಿರುಗಲಿಲ್ಲ. ಮೇಜಿನ ಮೇಲಿದ್ದ ಪಿನ್ನಿನ ಡಬ್ಬಿಯನ್ನು ನೋಡುತ್ತಿದ್ದರು. "ಮೂರು ತಿಂಗಳು ದಿನಾ ಹತ್ತು ಗಂಟೆಗೆ ಬಂದು ನಾನು ಹೇಳಿದ ಕಡೆ ಸಹಿ ಮಾಡಿದೀಯ. ಅದಷ್ಟೂ ನಿಜ. ಅದನ್ನ ತಪ್ಪು ಅಂತ ನಿನ್ನ ಕೈಲೇ ಬರೆಸೋಕಾಗಲ್ಲ ಕಣಮ್ಮ." ಆಮೇಲೆ ಮುಖ್ಯಸ್ಥರಿಗೆ, "ನೋಟೀಸು ಕೊಡಿ ಸಾರ್. ಉತ್ತರ ಇವತ್ತೇ ಬರೆದಿಡ್ತೀನಿ," ಎಂದರು.

ಆ ಕೋಣೆಯಲ್ಲಿ ಇನ್ನೊಂದು ತಪ್ಪೂ ನಿಂತಿತ್ತು. ಪಟ್ಟಿಯ ಕೆಳಗೆ 'ಪರಿಶೀಲಿಸಿದ್ದೇನೆ' ಎಂದು ಸಹಿ ಹಾಕಿದವನು ನಾನು. ಆ ಮೂವರಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ನೋಡದಿದ್ದಾಗ ಬಾಯಿ ತೆರೆಯುವ ಅಭ್ಯಾಸ ನಮ್ಮ ಸೇವೆಯಲ್ಲಿಲ್ಲ. ಅವರ ಉತ್ತರದ ನಕಲು ಮಾರನೇ ದಿನ ನನ್ನ ಮೇಜಿಗೆ ಬಂತು, ಎರಡೇ ಸಾಲು: ವಿದ್ಯಾರ್ಥಿಗಳು ನನ್ನ ಸೂಚನೆಯಂತೆ ಸಹಿ ಮಾಡಿರುತ್ತಾರೆ; ಸಿಬ್ಬಂದಿ ಶಾಖೆಯು ನನ್ನ ಪುಸ್ತಕವನ್ನು ನಂಬಿ ಪಟ್ಟಿ ಮಾಡಿರುತ್ತದೆ. ನನ್ನನ್ನೂ ಅವರು ಆ ಕೋಣೆಯಿಂದ ಸುರಕ್ಷಿತವಾಗಿ ಹೊರಗೆ ಕಳಿಸಿದ್ದರು.

ಮಕ್ಕಳಿಗೆ ಪ್ರಮಾಣಪತ್ರ ಬಂತು. ಇವರಿಗೆ, 'ಮುಂದೆ ಎಚ್ಚರಿಕೆಯಿಂದ ಕರ್ತವ್ಯ ನಿರ್ವಹಿಸತಕ್ಕದ್ದು' ಎಂಬ ಪತ್ರ ಜೂನ್ ಇಪ್ಪತ್ತಾರಕ್ಕೆ ಬಂತು. ಮುಂದೆ ಉಳಿದಿದ್ದದ್ದು ನಾಲ್ಕು ದಿನ. "ನಾಲ್ಕು ದಿನ ಬಲು ಎಚ್ಚರಿಕೆಯಿಂದಿರ್ತೀನಿ," ಎಂದರು. ಏಪ್ರಿಲ್ ಒಂದರಿಂದ ಕೆಂಪು ಪೆನ್ನು ಮತ್ತೆ ಏಳು ಸಲ ಬರೆಯುತ್ತಿತ್ತು.

ನಿವೃತ್ತಿಯ ದಿನ ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಅವರ ಸರಳತೆಯ ಬಗ್ಗೆ ಮೂರು ಭಾಷಣ. ಭಾಷಣ ಮಾಡಿದ ಮೂವರೂ ಅವರ ಕೋಣೆಗೆ ಹೋದವರಲ್ಲ. ಕೊನೆಗೆ ಚಾರ್ಜ್ ಯಾರಿಗೆ ಎಂಬ ಪ್ರಶ್ನೆ ಬಂದು, ಹೆಚ್ಚುವರಿಯಾಗಿ ನನಗೆ ಎಂದಾಯಿತು. ಪೇಟ ತಲೆಯ ಮೇಲಿರುವಾಗಲೇ ಅವರು ಬೀಗದ ಕೈಗೊಂಚಲನ್ನೂ ನಾಲ್ಕು ಪುಟದ ಚಾರ್ಜ್ ಪಟ್ಟಿಯನ್ನೂ ನನ್ನ ಮುಂದಿಟ್ಟರು.

"ಓದಿ ಸಹಿ ಮಾಡ್ರಿ."

"ನೀವು ಬರೆದಿದ್ದಲ್ವಾ ಸಾರ್, ಓದೋದೇನಿದೆ?" ಎಂದು ನಾಲ್ಕೂ ಪುಟಕ್ಕೆ ಸರಸರನೆ ಸಹಿ ಹಾಕಿದೆ. ಅದನ್ನು ಗೌರವ ಎಂದುಕೊಂಡಿದ್ದೆ. ಕೆಳಗೆ ಬೋಂಡ ಆರುತ್ತಿತ್ತು ಎಂಬುದೂ ನಿಜ.

ಅವರು ಒಂದು ಕ್ಷಣ ಕಾದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, "ಸಂಕ್ರಾಂತಿ ಆದ ಮೇಲೆ ಬಿಸಿಲಿಗೆ ಹಾಕಿ," ಎಂದರು. "ಮೂರನೇ ಬೀರು ಮೊದಲು. ಅದು ಗೋಡೆ ಕಡೆ ಇದೆ, ತೇವ ಜಾಸ್ತಿ."

"ಆಗಲಿ ಸಾರ್," ಎಂದೆ.

ಆಮೇಲೆ ಅವರನ್ನು ಎರಡು ಸಲ ನೋಡಿದೆ. ಎರಡು ಸಲವೂ ಅವರು ನನ್ನನ್ನು ನೋಡಲಿಲ್ಲ. ಎದುರಿನ ದರ್ಶಿನಿಯಲ್ಲಿ, ನಾಲ್ಕು ಗಂಟೆಗೆ, ನಿಂತು ಕುಡಿಯುವ ಮೇಜಿನ ಹತ್ತಿರ. ಬಸವೇಶ್ವರನಗರದಲ್ಲಿ ಕಾಫಿ ಸಿಗುವುದಿಲ್ಲವೇ? ಮೇಜಿನ ಮೇಲೆ ಒನ್ ಬೈ ಟೂದ ಎರಡು ಲೋಟ ಇದ್ದವು. ಒಂದನ್ನು ಅವರು ಕುಡಿಯುತ್ತಿದ್ದರು, ಇನ್ನೊಂದು ಹಾಗೇ ಇತ್ತು. ಕಣ್ಣು ನಮ್ಮ ಕಚೇರಿಯ ಗೇಟಿನ ಮೇಲಿತ್ತು. ನಾನು ಗೇಟಿನೊಳಗೇ ನಿಂತು, ಕೈಯಲ್ಲಿ ಕಡತವಿದೆ, ಈಗ ಹೋದರೆ ಅರ್ಧ ಗಂಟೆ ಹಿಡಿಯುತ್ತದೆ, ಮೂರನೇ ಬೀರುವಿನ ಬಗ್ಗೆಯೂ ಕೇಳಬಹುದು ಎಂದು ಲೆಕ್ಕ ಹಾಕಿ, ಹಿಂದಿನ ಬಾಗಿಲಿಂದ ಹೊರಟೆ. ಎರಡನೇ ಸಲ ಲೆಕ್ಕ ಹಾಕುವ ತೊಂದರೆಯೂ ಇರಲಿಲ್ಲ, ದಾರಿ ಗೊತ್ತಿತ್ತು.

ಚಿತಾಗಾರದಲ್ಲಿ ಆ ಒಂಬತ್ತು ಜನರಲ್ಲಿ ರೇಣುಕಾ ಒಬ್ಬಳು, ಕಿರಣ್ ಒಬ್ಬ. ಕಿರಣ್ ಈಗ ಒಂದು ಗೋದಾಮಿನ ಮೇಲ್ವಿಚಾರಕ. ಇನ್ನೊಂದು ಷಿಫ್ಟಿನವನಿಗೆ ಹೇಳಿ ಬಂದಿದ್ದ. ರೇಣುಕಾ ಯಾವುದೋ ಪರೀಕ್ಷೆ ಬರೆದು ಕಾಯುತ್ತಿದ್ದಳು. ವಿಷಯ ಹೇಗೆ ತಿಳಿಯಿತು ಎಂದೆ. "ಅವ್ರು ಭಾನುವಾರ ಭಾನುವಾರ ಫೋನ್ ಮಾಡ್ತಿದ್ರು ರೀ," ಎಂದಳು. "ಈ ಭಾನುವಾರ ಮಾಡ್ಲಿಲ್ಲರಿ. ಅದಕ್ಕ ನಾನೇ ಮಾಡಿದೆ. ಮನಿ ಮಾಲೀಕ್ರು ಎತ್ತಿದ್ರು ರೀ."

"ಏನ್ ಮಾತಾಡ್ತಿದ್ರು?"

"ಏನಿಲ್ರಿ. ಊಟ ಆತೇನು, ಓದಾಕತ್ತೀಯೇನು, ಅಷ್ಟ." ಆಮೇಲೆ ಕೇಳಿದಳು, "ಸರ್, ಮೂರನೇ ಬೀರು ಬಿಸಿಲಿಗೆ ಹಾಕೀರೇನ್ರಿ?"

ಅವರು ನಿವೃತ್ತರಾದ ಮೇಲೆ ಎರಡು ಸಂಕ್ರಾಂತಿ ಕಳೆದಿದ್ದವು. "ಹಾಕಿದ್ವಲ್ಲಮ್ಮ," ಎಂದೆ. ಅವಳು, "ಛಲೋ ಆತ್ರಿ," ಎಂದು ತಲೆಯಾಡಿಸಿದಳು. ಅವಳು ನಂಬಿದ್ದರಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಗೇಟಿನವರೆಗೆ ಹೋದವನು ವಾಪಸ್ ಬಂದು, "ಇಲ್ಲ ಕಣಮ್ಮ, ಹಾಕಿಲ್ಲ. ಆ ಕೋಣೆಯ ಬೀಗವನ್ನೇ ತೆಗೆದಿಲ್ಲ," ಎಂದೆ. ಅವಳು ಬೈಯಲಿಲ್ಲ. "ಶಿವರಾತ್ರಿಗೆ ಇನ್ನೂ ಎರಡು ವಾರ ಐತ್ರಿ," ಎಂದಳು. "ಬಿಸಿಲು ಐತಿ."

ಇಂಟರ್ನ್‌ಶಿಪ್ ಯೋಜನೆ ಈಗ ವಿಸ್ತಾರವಾಗಿದೆ. ನಮ್ಮ ಕಚೇರಿಗೆ ಇಬ್ಬರ ಬದಲು ಎಂಟು ಜನ. ಮಕ್ಕಳಿಗೆ ಪ್ರತ್ಯೇಕ ಹಾಜರಿ ಪುಸ್ತಕ ಇರತಕ್ಕದ್ದು ಎಂದು ಹೊಸ ಸುತ್ತೋಲೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಅದು ಯಾರಿಂದಾಗಿ ಬಂದ ನಿಯಮ ಎಂದು ನನಗೆ ಗೊತ್ತು. ಒಬ್ಬ ಮನುಷ್ಯನಿಂದ ಸರ್ಕಾರದಲ್ಲಿ ಒಂದು ವಾಕ್ಯ ಹೆಚ್ಚಾಯಿತು, ಇದೂ ಒಂದು ಸಾಧನೆ.

ಮುಂದಿನ ಸೋಮವಾರ ಆ ಎಂಟು ಜನರಲ್ಲಿ ನಾಲ್ವರನ್ನು ಕರೆದುಕೊಂಡು ಹೋಗಿ ದಾಖಲೆ ಶಾಖೆಯ ಬೀಗ ತೆಗೆದೆ. ರೇಣುಕಾ ಸುಂಕದಕಟ್ಟೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಅವಳಿಗೆ ಗೌರವಧನವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಮೂರನೇ ಬೀರುವಿನ ಕೆಳಗಿನ ಎರಡು ಅರೆಗಳ ಗಂಟುಗಳು ಹಪ್ಪಳವಾಗಿದ್ದವು. ಹಾಳೆಯಿಂದ ಹಾಳೆ ಬಿಡಿಸಲು ಬರಲಿಲ್ಲ. ಅವುಗಳಲ್ಲಿ ಯಾರ ಯಾರ ಮನೆಯ ಕಾಗದವಿತ್ತೋ, ತಿಳಿದಿದ್ದ ತಲೆ ಸುಮನಹಳ್ಳಿಗೆ ಹೋಗಿತ್ತು. ಉಳಿದದ್ದನ್ನು ಮಕ್ಕಳು ತಾರಸಿಗೆ ಹೊತ್ತರು. ರೇಣುಕಾ ಗಂಟು ಹಾಕುವುದನ್ನು ತೋರಿಸುತ್ತಿದ್ದಳು: ಎತ್ತಿದರೆ ಬಿಚ್ಚಬಾರದು, ಎಳೆದರೆ ಬಿಚ್ಚಬೇಕು.

ಆ ವಾರವೇ ಕೇಂದ್ರ ಕಚೇರಿಗೆ ಎರಡು ಪಟ್ಟಿ ಕಳಿಸಬೇಕಾಗಿತ್ತು. ಇಂಟರ್ನ್‌ಗಳು ಎಷ್ಟು ಬೇಕು ಎಂಬಲ್ಲಿ ದಾಖಲೆ ಶಾಖೆಗೆ ನಾಲ್ಕು ಎಂದು ನೀಲಿಯಲ್ಲಿ ಬರೆದೆ. ಖಾಲಿ ಹುದ್ದೆ ಎಂಬಲ್ಲಿ ಎಂಟು ಎಂದು ಕೆಂಪಿನಲ್ಲಿ ಬರೆದು, ನೀಲಿಯವರನ್ನು ಕೆಂಪಿನಿಂದ ಕಳೆಯಕೂಡದು ಎಂದು ಷರಾ ಹಾಕಿದೆ. ಹಿಂದೊಮ್ಮೆ ಹೀಗೆ ಕಳೆದು ಪಟ್ಟಿ ಕಳಿಸಿದವನು ನಾನೇ ಎಂದೂ ಅದರ ಕೆಳಗೆ ಬರೆದೆ. ಮುಖ್ಯಸ್ಥರು ಓದಿ, "ಇದೆಲ್ಲ ಯಾಕ್ರೀ ಈಗ?" ಎಂದರು. ನನ್ನ ನಿವೃತ್ತಿಗೂ ಹದಿನಾಲ್ಕು ತಿಂಗಳಿದೆ ಸಾರ್, ಚಾರ್ಜ್ ಕೊಡೋಕೆ ಒಬ್ಬರು ಬೇಕು ಎಂದೆ.

ಮಕ್ಕಳು ಊಟಕ್ಕೆ ಹೋದಾಗ ನಾನು ಆ ಕೋಣೆಯಲ್ಲಿ ಒಬ್ಬನೇ ಇದ್ದೆ. ಅವರ ಮೇಜಿನ ಖಾನೆಯಲ್ಲಿ ಚಾರ್ಜ್ ಪಟ್ಟಿಯ ಕಚೇರಿ ಪ್ರತಿ ಇತ್ತು. ಮೊದಲ ಸಲ ಓದಿದೆ. ಬೀರುಗಳು, ಗಂಟುಗಳು, ಛತ್ರಿ ಒಂದು, ಜಮಖಾನ ಒಂದು, ಹಾಳೆ ಹಾರದಂತೆ ಇಡುವ ಕಲ್ಲು ಹನ್ನೆರಡು. ಕೊನೆಯ ಪುಟದ ಕೊನೆಯ ಬಾಬತ್ತು ಹೀಗಿತ್ತು:

'ಮರದ ಕುರ್ಚಿ, ಎಂಟು. ಇವುಗಳ ಪೈಕಿ ಕಿಟಕಿಯ ಬದಿಯ ಎರಡರಲ್ಲಿ ಮೂರು ತಿಂಗಳ ಕಾಲ ಜನರು ಕುಳಿತಿದ್ದು, ಅವು ಸುಸ್ಥಿತಿಯಲ್ಲಿವೆ. ನನ್ನದೂ ಪರವಾಗಿಲ್ಲ. ಉಳಿದ ಐದು, ಯಾರೂ ಕೂರದೆ ಹಾಳಾಗಿರುತ್ತವೆ.'

ಅದರ ಕೆಳಗೆ, 'ಓದಿಕೊಂಡು, ಸರಿಯಿದೆಯೆಂದು ಒಪ್ಪಿ ವಹಿಸಿಕೊಂಡಿದ್ದೇನೆ' ಎಂಬಲ್ಲಿ, ನನ್ನ ಸಹಿ. ಬಹಳ ಅಚ್ಚುಕಟ್ಟಾಗಿ ಬಂದಿದೆ.